ಮೊದಲು ಅಕ್ಕನ ತೋಳಿಗೆ

ಜಯನಗರ ನಾಲ್ಕನೇ ಬ್ಲಾಕಿನ ನಮ್ಮ ಡಾಕ್ಟರು ಅಕ್ಕನ ಎದೆಗೂ ಬೆನ್ನಿಗೂ ಸ್ಟೆತಾಸ್ಕೋಪ್ ಇಟ್ಟು, ಉಸಿರು ಎಳೆದು ಬಿಡಿಸಿ ನೋಡಿ, ಬಿ.ಪಿ. ಮಾತ್ರೆ ಅದನ್ನೇ ಮುಂದುವರಿಸಿ ಎಂದರು. ನಾವು ಏಳುವ ಹೊತ್ತಿಗೆ, "ಈ ಸಲ ಮಳೆ ಶುರುವಾಗೋಕ್ಕೆ ಮುಂಚೆ ಇಬ್ರೂ ಫ್ಲೂ ಇಂಜೆಕ್ಷನ್ ಹಾಕಿಸ್ಕೊಂಬಿಡಿ" ಎಂದು ಸೇರಿಸಿದರು.

ಅಕ್ಕ ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ. "ಯೋಚ್ನೆ ಮಾಡಿ ಹೇಳ್ತೀವಿ ಡಾಕ್ಟ್ರೇ" ಎಂದು ಹೇಳಿ ಹೊರಗೆ ಬಂದೆವು. ಆಗ ಮೇ ತಿಂಗಳು. ಆ ಯೋಚನೆ ಮುಗಿಯುವಷ್ಟರಲ್ಲಿ ಮುಂಗಾರೇ ಬಂದುಬಿಟ್ಟಿತು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ಓರಗಿತ್ತಿ. ನನ್ನ ಯಜಮಾನರ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಬಸವನಗುಡಿಯ ಅತ್ತೆಮನೆಗೆ ಬಂದಾಗ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದವರು ಅವರೇ. ಅದಾಗಿ ನಲವತ್ತು ವರ್ಷದ ಮೇಲಾಯಿತು. ಆಮೇಲೆ ಅಣ್ಣ ತಮ್ಮ ಸೇರಿ ಜಯನಗರದಲ್ಲಿ ಮನೆ ಕಟ್ಟಿಸಿದರು. ಕೆಳಗೆ ನಾವು, ಮೇಲೆ ಅವರು. ಅಡುಗೆಮನೆ ಎರಡಿದ್ದರೂ ಸಂಜೆಯ ಕಾಫಿ ಮಾತ್ರ ಒಂದೇ ಫಿಲ್ಟರಿನದು. ಭಾವನವರು ತೀರಿಕೊಂಡು ಬಹಳ ಕಾಲವಾಗಿದೆ. ನನ್ನ ಯಜಮಾನರು ಹೋಗಿ ಮೂರು ವರ್ಷ. ಅಕ್ಕನಿಗೆ ಮಕ್ಕಳಿಲ್ಲ. ನನ್ನ ಮಗಳು ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ದಿನಾ ಫೋನು ಮಾಡುತ್ತಾಳೆ. ಅಕ್ಕನಿಗೆ ಈಗ ಎಪ್ಪತ್ತಾರು, ನನಗೆ ಅರವತ್ತಾರು.

ಹಿಂದಿನ ವರ್ಷದ ಮಳೆಗಾಲದಲ್ಲಿ ಇಬ್ಬರಿಗೂ ಫ್ಲೂ ಬಂದಿತ್ತು. ಯಾರಿಂದ ಯಾರಿಗೆ ಬಂತೋ ಗೊತ್ತಿಲ್ಲ, ಒಂದೇ ವಾರದಲ್ಲಿ ಇಬ್ಬರೂ ಕೆಮ್ಮತೊಡಗಿದೆವು. ಮೊದಲು ಬರೀ ನೆಗಡಿ ಅಂದುಕೊಂಡು ಶುಂಠಿ ಕಷಾಯ ಕುಡಿದೆವು. ನನ್ನ ಜ್ವರ ಹೇಗೋ ಇಳಿಯಿತು. ಅಕ್ಕನದು ಎದೆಗೆ ಇಳಿಯಿತು. ಒಂದು ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಮೇಲೆ ಹೋದರೆ, ಅವರು ಮಂಚದ ಅಂಚಿನಲ್ಲಿ ಕೂತು, ಎರಡೂ ಕೈ ಮಂಡಿಯ ಮೇಲೆ ಊರಿಕೊಂಡು, ಉಸಿರಿಗಾಗಿ ಒದ್ದಾಡುತ್ತಿದ್ದರು. ಆಸ್ಪತ್ರೆಗೆ ಸೇರಿಸಿದೆವು. ಆಕ್ಸಿಜನ್ ಹಾಕಿದರು. ಆ ಮಾಸ್ಕ್ ಸ್ವಲ್ಪ ಸರಿಸಿಕೊಂಡು ಅವರು ನನ್ನನ್ನು ಕೇಳಿದ ಮೊದಲ ಮಾತು, "ಹಾಲಿಗೆ ಹೆಪ್ಪು ಹಾಕಿ ಬಂದ್ಯಾ?" ಎಂದು.

ಬದುಕಿ ಬಂದರು. ಆದರೆ ಮೊದಲಿನ ಅಕ್ಕ ಆಗಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಹಾಗಾಗಿ ಅವರ ಮಂಚ, ದೇವರ ಪೆಟ್ಟಿಗೆ, ಒಂದು ಬೀರು ಎಲ್ಲವನ್ನೂ ಕೆಳಗೆ ನನ್ನ ಮನೆಗೇ ತರಿಸಿದೆ. ಮೇಲಿನ ಮನೆಗೆ ಬಾಗಲಕೋಟೆಯ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು. ಇಬ್ಬರಿಗೂ ಬಿ.ಟಿ.ಎಂ. ಲೇಔಟಿನಲ್ಲಿ ಆಫೀಸು.

ಇಷ್ಟೆಲ್ಲ ಅನುಭವಿಸಿದವರು ಡಾಕ್ಟರ ಮಾತಿಗೆ ತಕ್ಷಣ ಹೂಂ ಅನ್ನಬೇಕಾಗಿತ್ತು. ಅನ್ನಲಿಲ್ಲ.

"ನಂಗ್ಯಾಕೆ ಈಗ ಅದೆಲ್ಲ?" ಎಂದರು ಅಕ್ಕ, ಮನೆಗೆ ಬಂದು ಫ್ಯಾನಿನ ಕೆಳಗೆ ಕೂತ ಮೇಲೆ. "ಇನ್ನೆಷ್ಟು ವರ್ಷ ಇರ್ತೀನಿ. ನೀನು ಚಿಕ್ಕೋಳು, ನೀನು ಹಾಕಿಸ್ಕೋ."

"ನೀವು ಹಾಕಿಸ್ಕೊಂಡ್ರೆ ನಾನೂ ಹಾಕಿಸ್ಕೋತೀನಿ" ಎಂದೆ.

"ನಾನು ಬೇಡ ಅಂದ್ನಲ್ಲ."

"ಹಾಗಾದ್ರೆ ನಂಗೂ ಬೇಡ ಬಿಡಿ."

ಮಾತು ಅಲ್ಲಿಗೆ ನಿಂತುಹೋಗುತ್ತಿತ್ತು. ಎರಡು ದಿನ ಬಿಟ್ಟು ಮತ್ತೆ ಅಲ್ಲಿಂದಲೇ ಶುರುವಾಗುತ್ತಿತ್ತು. ಬೆಳಿಗ್ಗೆ ಪಾರ್ಕಿನಲ್ಲಿ ನಾನು ಜೊತೆಗೆ ನಡೆಯುವವರನ್ನು ವಿಚಾರಿಸಿದೆ. ಒಬ್ಬರು, ತಾವು ವರ್ಷ ವರ್ಷ ಹಾಕಿಸಿಕೊಳ್ಳುವುದಾಗಿಯೂ ಏನೂ ಆಗಿಲ್ಲವೆಂದೂ ಹೇಳಿದರು. ಇನ್ನೊಬ್ಬರು, ತಮ್ಮ ಬೀಗಿತ್ತಿ ಹಾಕಿಸಿಕೊಂಡು ವಾರಗಟ್ಟಲೆ ಮಲಗಿದ್ದರೆಂದು ದನಿ ತಗ್ಗಿಸಿ ಹೇಳಿದರು. ನನ್ನ ಕಿವಿಯಲ್ಲಿ ಉಳಿದದ್ದು ಎರಡನೆಯದು. ಬೇಡ ಅನ್ನಲು ಒಂದು ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಮಗಳು ಫೋನಿನಲ್ಲಿ ಕೇಳಿದರೆ, "ದೊಡ್ಡಮ್ಮ ಒಪ್ತಿಲ್ಲ ಕಣೇ, ಅವರನ್ನ ಬಿಟ್ಟು ನಾನೊಬ್ಳೇ ಹೇಗೆ ಹಾಕಿಸ್ಕೊಳ್ಲಿ" ಎನ್ನುತ್ತಿದ್ದೆ. ಮೇಲಿನ ಮನೆಯ ಹುಡುಗಿ ಒಂದು ಭಾನುವಾರ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ಕೊಡಲು ಬಂದವಳು ನಮ್ಮ ಚರ್ಚೆ ಕೇಳಿಸಿಕೊಂಡು, "ನಮ್ಮ ಆಫೀಸ್ನ್ಯಾಗ ಎಲ್ಲಾರಿಗೂ ಹಾಕ್ಯಾರ್ರೀ ಅಮ್ಮಾರ. ಒಂದಿನ ಕೈ ನೋಯ್ತದ, ಅಷ್ಟಽ. ನೀವು ಹೂಂ ಅಂದ್ರ ನಾನಽ ಕಾರು ಬುಕ್ ಮಾಡ್ತೀನ್ರಿ" ಎಂದಳು. ಅಕ್ಕ ನಕ್ಕು, ರೊಟ್ಟಿ ಎಷ್ಟು ತೆಳ್ಳಗಿದೆ ಎಂದು ಹೊಗಳಿ ಮಾತು ಬದಲಿಸಿದರು.

ಜೂನ್ ಬಂತು. ಸಂಜೆಯ ಹೊತ್ತು ಮೋಡ ಕಟ್ಟಿ ಹನಿಯತೊಡಗಿತು. ಎದುರು ಮನೆಯವರು ಕೆಮ್ಮುವುದು ನಮ್ಮ ವರಾಂಡಕ್ಕೆ ಕೇಳಿಸುತ್ತಿತ್ತು. ಒಂದು ದಿನ ಆ ಕೆಮ್ಮು ಕೇಳುತ್ತಾ ಕೇಳುತ್ತಾ ಅಕ್ಕ, "ನಡಿ, ಸುಮ್ನೆ ಕೇಳ್ಕೊಂಡಾದ್ರೂ ಬರೋಣ. ಕೇಳೋದಕ್ಕೇನು" ಎಂದು ತಾವೇ ಎದ್ದರು. ಆಟೋ ಹಿಡಿದು ಹೋದೆವು.

ಅಕ್ಕ ಡಾಕ್ಟರನ್ನು ನೇರವಾಗಿ ಕೇಳಿದರು. "ಇದನ್ನ ಹಾಕಿಸ್ಕೊಂಡ್ರೆ ಫ್ಲೂ ಬರೋದೇ ಇಲ್ವಾ?"

"ಹಾಗೆ ಮಾತು ಕೊಡಕ್ಕಾಗಲ್ಲ ಅಮ್ಮ" ಎಂದರು ಡಾಕ್ಟರು. "ಬಂದ್ರೂ ಬರಬಹುದು. ಆದ್ರೆ ಹೋದ್ವರ್ಷದ ಹಾಗೆ ಆಸ್ಪತ್ರೆ ತನಕ ಹೋಗೋ ಸಂಭವ ಕಡಿಮೆ ಆಗುತ್ತೆ. ನಿಮ್ಮ ವಯಸ್ಸಿಗೆ, ನಿಮ್ಮ ಎದೆಗೆ, ಅದೇ ಮುಖ್ಯ."

"ಮೈಗೇನಾದ್ರೂ ಆದ್ರೆ?"

"ಕೈ ನೋಯುತ್ತೆ. ಕೆಲವರಿಗೆ ಒಂದೆರಡು ದಿನ ಮೈಕೈ ನೋವು, ಸಣ್ಣ ಜ್ವರ. ದೊಡ್ಡ ತೊಂದ್ರೆ ಬಲು ಅಪರೂಪ. ಅದಕ್ಕೇ ಹಾಕಿದ ಮೇಲೆ ಸ್ವಲ್ಪ ಹೊತ್ತು ಇಲ್ಲೇ ಕೂರಿಸ್ಕೋತೀವಿ."

ಫ್ಲೂ ಬರುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರೆ ಅಕ್ಕ ನಂಬುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಅವರಿಗೆ ಹಿಡಿಸಿತು, ಮುಖದಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ನರ್ಸ್ ಒಬ್ಬಳು ಇನ್ಯಾರಿಗೋ ಕೊಡಲು ಸ್ಟೀಲಿನ ಟ್ರೇ ಹಿಡಿದು ನಮ್ಮ ಪಕ್ಕದಲ್ಲೇ ಹಾದುಹೋದಳು. ಅದರಲ್ಲಿ ಹತ್ತಿಯ ಉಂಡೆ, ಒಂದು ಸಿರಿಂಜು. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ನಾನು ಎದ್ದು ನಿಂತೆ. "ಇವತ್ತು ಬೇಡ ಡಾಕ್ಟ್ರೇ" ಅಂದದ್ದಷ್ಟೇ ನೆನಪು. ಬಾಗಿಲು ತೆಗೆದು, ಮೆಟ್ಟಿಲಿಳಿದು, ರಸ್ತೆಯ ಪಕ್ಕದ ಹೊಂಗೆ ಮರದ ಕೆಳಗಿದ್ದ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟಿದ್ದೆ.

ಸ್ವಲ್ಪ ಹೊತ್ತಿಗೆ ಅಕ್ಕ ಕಂಬಿ ಹಿಡಿದುಕೊಂಡು ನಿಧಾನವಾಗಿ ಇಳಿದು ಬಂದರು. ಪಕ್ಕದಲ್ಲಿ ಕೂತು ಮೊದಲು ತಮ್ಮ ಉಸಿರು ಸುಧಾರಿಸಿಕೊಂಡರು.

"ಏನಾಯ್ತೇ?"

"ಏನಿಲ್ಲ ಅಕ್ಕ. ತಲೆ ಸುತ್ತಿದ ಹಾಗಾಯ್ತು. ನಿಮಗೂ ಹೇಗಿದ್ರೂ ಮನಸ್ಸಿಲ್ವಲ್ಲ, ಇನ್ನೊಂದಿನ ನೋಡೋಣ."

ಅವರು ರಸ್ತೆಯ ಕಡೆ ನೋಡುತ್ತಾ ಹೇಳಿದರು. "ಹೋದ್ವರ್ಷ ಆಸ್ಪತ್ರೇಲಿ ಸಿಸ್ಟರ್ ಸೂಜಿ ಹಿಡ್ಕೊಂಡು ಬಂದಾಗಲೆಲ್ಲ ನಿಂಗೆ ಫ್ಲಾಸ್ಕ್ ತೊಳೆಯೋ ನೆನಪಾಗ್ತಿತ್ತು. ನಾನು ಗಮನಿಸ್ಲಿಲ್ಲ ಅಂದ್ಕೊಂಡ್ಯಾ?"

ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ.

"ಅವನದೇ ಅಲ್ವಾ, ಮನಸ್ಸಲ್ಲಿರೋದು?"

ಅವನು ಎಂದರೆ ನನ್ನ ಯಜಮಾನರು. ಅಕ್ಕ ಮದುವೆಯಾಗಿ ಬಂದಾಗ ಅವರಿನ್ನೂ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುವ ಹುಡುಗ. ಹಾಗಾಗಿ ಅಕ್ಕನ ಬಾಯಲ್ಲಿ ಅವರು ಕೊನೆಯವರೆಗೂ ಅವನು, ಇವನೇ.

ಮೂರು ವರ್ಷದ ಹಿಂದೆ ಅವರನ್ನು ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದೆವು. ಅವತ್ತು ಸಂಜೆ ಚೆನ್ನಾಗಿಯೇ ಇದ್ದರು. ದಿಂಬಿಗೆ ಒರಗಿ ಕೂತು, ಆಸ್ಪತ್ರೆಯ ಉಪ್ಪಿಟ್ಟಿಗೆ ಒಗ್ಗರಣೆಯೇ ಇಲ್ಲವೆಂದು ನನ್ನ ಹತ್ತಿರ ದೂರುತ್ತಿದ್ದರು. ಸಿಸ್ಟರ್ ಬಂದು ಒಂದು ಇಂಜೆಕ್ಷನ್ ಕೊಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಅವರ ಮಾತು ಅರ್ಧಕ್ಕೆ ನಿಂತಿತು. ಡಾಕ್ಟರುಗಳು ಓಡಿ ಬಂದರು, ನಮ್ಮನ್ನು ಹೊರಗೆ ಕಳಿಸಿದರು. ಆಮೇಲೆ ಎಲ್ಲ ಮುಗಿದಿತ್ತು. ಹೃದಯ ಮೊದಲೇ ಸೋತುಹೋಗಿತ್ತು, ಆ ಇಂಜೆಕ್ಷನ್ ಅದಕ್ಕೆ ಆಸರೆಯಾಗಲೆಂದೇ ಕೊಟ್ಟದ್ದು ಎಂದು ದೊಡ್ಡ ಡಾಕ್ಟರು ಕೂರಿಸಿಕೊಂಡು ತಾಳ್ಮೆಯಿಂದ ವಿವರಿಸಿದರು. ಬುದ್ಧಿ ಒಪ್ಪಿಕೊಂಡಿತು. ಆದರೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುವುದು ಬುದ್ಧಿಯ ಮಾತು ಕೇಳುವುದಿಲ್ಲ. ಕೊರೊನಾ ಕಾಲದಲ್ಲಿ ಇದೇ ಜಯನಗರದಲ್ಲಿ ಸಾಲಿನಲ್ಲಿ ನಿಂತು ನಗುನಗುತ್ತಾ ಲಸಿಕೆ ಹಾಕಿಸಿಕೊಂಡವಳು ನಾನು. ಆಗ ಅವರಿದ್ದರು. ಅವರು ಹೋದ ಮೇಲೆ ನನ್ನ ಮೈಗೆ ಒಂದು ಸೂಜಿಯೂ ತಾಗಿರಲಿಲ್ಲ. ಈ ವಿಷಯವನ್ನು ಮಗಳ ಹತ್ತಿರವೂ ಹೇಳಿರಲಿಲ್ಲ. ಹೇಳಿದರೆ, ಓದಿದೋಳಾಗಿ ಹೀಗಾ ಅಮ್ಮ ಅನ್ನುತ್ತಾಳೆ ಎಂದು.

ಅಕ್ಕ ನನ್ನ ಕೈ ತೆಗೆದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಅವತ್ತು ನಾನೂ ಅಲ್ಲೇ ಇದ್ದೆ ಕಣೇ. ನೀನು ತಲೆ ಹತ್ರ ಕೂತಿದ್ದೆ, ನಾನು ಕಾಲ ಹತ್ರ ನಿಂತಿದ್ದೆ. ಹೊದಿಕೆ ಸರಿ ಮಾಡೋಣ ಅಂತ ಕಾಲು ಮುಟ್ಟಿದ್ರೆ ಮಂಜುಗಡ್ಡೆ ಥರ ಇತ್ತು. ಆ ಸಿಸ್ಟರ್ ಇನ್ನೂ ಬಂದೇ ಇರ್ಲಿಲ್ಲ."

ನಾನು ಅವರ ಕಡೆ ತಿರುಗಿದೆ.

"ನಮ್ಮೋರಿಗೂ ಹಾಗೇ ಆಗಿತ್ತು, ಹೋಗೋಕ್ಕೆ ಮುಂಚೆ. ಅದಕ್ಕೇ ನಂಗೆ ಗೊತ್ತಾಗೋಯ್ತು. ಅವನು ಉಪ್ಪಿಟ್ಟಿನ ಮಾತಾಡ್ತಾ ನಿನ್ನ ನಗಿಸ್ತಿದ್ದ. ನೀನು ನಗ್ತಿದ್ದೆ. ಆಗ ಏನಂತ ಹೇಳ್ಲಿ? ಆಮೇಲೂ ಬಾಯಿ ಬರ್ಲಿಲ್ಲ."

ಮೂರು ವರ್ಷ ಈ ಒಂದು ಮಾತನ್ನು ಅವರು ಒಬ್ಬರೇ ಇಟ್ಟುಕೊಂಡಿದ್ದರು. ನನ್ನದನ್ನು ನಾನು ಇಟ್ಟುಕೊಂಡಿದ್ದೆ. ಒಂದೇ ಸೂರಿನ ಕೆಳಗೆ, ಒಂದೇ ಫಿಲ್ಟರಿನ ಕಾಫಿ ಕುಡಿಯುತ್ತಾ. ನಾನು ಅಲ್ಲೇ ರಸ್ತೆಯ ಬದಿಯಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಹೂವಿನವಳೊಬ್ಬಳು ಬುಟ್ಟಿ ಇಳಿಸಿ, "ಏನಾಯ್ತಕ್ಕ, ನೀರು ಬೇಕಾ?" ಎಂದು ಕೇಳಿದಳು. ಅಕ್ಕ ಅವಳಿಗೆ ಏನೂ ಇಲ್ಲವೆಂದು ಸನ್ನೆ ಮಾಡಿ, ನಾನು ಅತ್ತು ಮುಗಿಸುವವರೆಗೆ ಬೆನ್ನು ಸವರುತ್ತಾ ಕೂತಿದ್ದರು.

ಆಮೇಲೆ ಸೀರೆಯ ನೆರಿಗೆ ಸರಿಪಡಿಸಿಕೊಂಡು ಎದ್ದರು. "ಈಗ ನಾನು ಹೋಗಿ ಹಾಕಿಸ್ಕೋತೀನಿ. ನೀನು ನನ್ನ ನೋಡ್ತಾ ಇರು. ನಾಳೆ ಬೆಳಿಗ್ಗೆ ನಾನೆದ್ದು ಕಾಫಿ ಕೇಳಿದ್ರೆ, ಆಮೇಲೆ ನಿಂದು ಯೋಚ್ನೆ ಮಾಡು. ಬಲವಂತ ಏನಿಲ್ಲ."

"ನಿಮಗೆ ಬೇಡ ಅಂತಿದ್ರಲ್ಲ ಅಕ್ಕ."

"ನನ್ನೊಬ್ಳಿಗೆ ಅಂತ ಬೇಡವಾಗಿತ್ತು" ಎಂದು ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದರು. ನಾನು ಹಿಂದೆಯೇ ಹೋದೆ.

ಜ್ವರ ಇದೆಯಾ, ಹಿಂದೆ ಯಾವ ಇಂಜೆಕ್ಷನ್ನಿಗಾದರೂ ಅಲರ್ಜಿ ಆಗಿತ್ತಾ ಎಂದೆಲ್ಲ ಕೇಳಿಕೊಂಡ ಮೇಲೆ ನರ್ಸ್ ಅಕ್ಕನ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅಕ್ಕನ ತೋಳು ಇಷ್ಟು ಸಣ್ಣಗಾಗಿರುವುದನ್ನು ಅವತ್ತೇ ಕಂಡದ್ದು. ಒಂದು ಕಾಲದಲ್ಲಿ ಹಬ್ಬಕ್ಕೆ ಮನೆ ತುಂಬ ಜನಕ್ಕೆ ಹೋಳಿಗೆ ಕಣಕ ನಾದಿದ ತೋಳು ಅದು. ಈಗ ಚರ್ಮ ಮೂಳೆಯಿಂದ ಬಿಟ್ಟುಕೊಂಡು ಜೋತಿತ್ತು. ಸೂಜಿ ಹೋಯಿತು, ಬಂತು. ಅಕ್ಕ ಕಣ್ಣು ಮಿಟುಕಿಸಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ಅವತ್ತು ಸಂಜೆ ನಾನು ಅವರನ್ನು ಬಿಟ್ಟು ಅಲುಗಲಿಲ್ಲ. ಅವರು ಊಟದ ಮೇಜಿನ ಮುಂದೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಾ ಟೀವಿ ನೋಡುತ್ತಿದ್ದರು. ನಾನು ಎದುರಿಗೆ ಕೂತು ಅವರ ಎದೆ ಏರಿ ಇಳಿಯುವುದನ್ನು ನೋಡುತ್ತಿದ್ದೆ. ಒಂದೆರಡು ಸಲ ಏನೋ ನೆಪ ಮಾಡಿಕೊಂಡು ಬಗ್ಗಿ ಅವರ ಪಾದ ಮುಟ್ಟಿದೆ. ಬೆಚ್ಚಗಿತ್ತು.

"ನನ್ನ ಮುಖ ನೋಡ್ಬೇಡ, ಸೀರಿಯಲ್ ನೋಡು" ಎಂದರು ಅಕ್ಕ. "ದೃಷ್ಟಿಯಾಗುತ್ತೆ."

ದೀಪ ಹಚ್ಚಿದೆವು. ಮೆಣಸಿನ ಸಾರು ಅನ್ನ ಉಂಡೆವು. ಅಕ್ಕ ಇನ್ನೊಂದು ಸಲ ಸಾರು ಹಾಕಿಸಿಕೊಂಡರು. ಕೈ ಮೇಲೆತ್ತಲು ಆಗುತ್ತಿಲ್ಲವೆಂದು ತಲೆ ಬಾಚಿಸಿಕೊಳ್ಳಲು ನನ್ನ ಮುಂದೆ ಬಂದು ಕೂತರು. ನಲವತ್ತು ವರ್ಷದಲ್ಲಿ ನಾನು ಅವರ ಜಡೆ ಹೆಣೆದದ್ದು ಅದೇ ಮೊದಲು. ಬೆಳ್ಳಗೆ, ಮೆತ್ತಗೆ, ಎಳೆಮಗುವಿನ ಕೂದಲ ಹಾಗಿತ್ತು.

ಬೆಳಿಗ್ಗೆ ಅವರು ಕಾಫಿ ಕೇಳಿದರು, ನಿಜ. ಆದರೆ ಮೈ ಸ್ವಲ್ಪ ಬೆಚ್ಚಗಿತ್ತು, ಸೊಂಟ ನೋವೆಂದರು. ನನಗೆ ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಿದೆ. ಅವರು, ಇದು ಆಗುವಂಥದ್ದೇ, ಜ್ವರದ ಮಾತ್ರೆ ಒಂದು ಕೊಡಿ, ಕಡಿಮೆಯಾಗದಿದ್ದರೆ ಕರೆದುಕೊಂಡು ಬನ್ನಿ ಎಂದರು. "ಮೈಕೈ ನೋವು ನಂಗೇನು ಹೊಸದಾ?" ಎಂದು ಅಕ್ಕ ಮಾತ್ರೆ ನುಂಗಿ ಮಲಗಿದರು. ಮಾರನೆಯ ದಿನಕ್ಕೆ ಎದ್ದು, ನಾನು ಮೆಂತ್ಯ ಸೊಪ್ಪನ್ನು ಬಾಡಿಸಿಬಿಟ್ಟೆನೆಂದು ತಕರಾರು ತೆಗೆದರು. ಹುಷಾರಾಗಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಅಷ್ಟಾದರೂ ನಾನು ಇನ್ನೊಂದು ವಾರ ತಳ್ಳಿದೆ. ಅಕ್ಕ ಒಂದು ಮಾತೂ ಕೇಳಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನಾನೇ, "ಇವತ್ತು ಹೋಗ್ಬರೋಣ್ವಾ ಅಕ್ಕ?" ಎಂದೆ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತಾಗ ನನ್ನ ಅಂಗೈ ಒದ್ದೆಯಾಗಿತ್ತು. ನರ್ಸ್ ಹತ್ತಿಯಿಂದ ತೋಳು ಒರೆಸಿದಳು. ಅದೇ ಸ್ಪಿರಿಟ್ಟಿನ ವಾಸನೆ. ಅಕ್ಕ ಈಚೆ ಪಕ್ಕದ ಸ್ಟೂಲಿನಲ್ಲಿ ಕೂತವರು ಇದ್ದಕ್ಕಿದ್ದಂತೆ, "ಮೊನ್ನೆ ನೀನು ಮಾಡಿದ್ಯಲ್ಲ ಪುಳಿಯೋಗರೆ ಗೊಜ್ಜು, ಅದು ಬರೀ ಬೆಲ್ಲದ ಪಾಕ ಕಣೇ. ಹುಣಸೆಹಣ್ಣು ಹಾಕೋದೇ ಮರ್ತಿದ್ದೆ ಅನ್ಸುತ್ತೆ" ಎಂದರು.

ನನಗೆ ಉರಿದುಹೋಯಿತು. "ಮರೀಲಿಲ್ಲ ಅಕ್ಕ. ಹಳೇ ಹುಣಸೆಹಣ್ಣು, ನಿಂಬೆಗಾತ್ರಕ್ಕಿಂತ ಜಾಸ್ತೀನೇ ಹಾಕಿದ್ದೆ. ನೀವು ಎರಡು ಸಲ ಬಡಿಸ್ಕೊಂಡ್ರಿ, ಈಗ ಹೀಗಂತೀರಾ?"

"ಆಯ್ತು ಆಂಟಿ, ಮುಗೀತು" ಎಂದಳು ನರ್ಸ್.

ಅಕ್ಕ ಸೀಲಿಂಗ್ ಕಡೆ ನೋಡುತ್ತಿದ್ದರು. ತುಟಿಯ ಕೊನೆಯಲ್ಲಿ ನಗು ತಡೆದುಕೊಂಡದ್ದು ಕಾಣುತ್ತಿತ್ತು.

ಹೊರಡುವಾಗ ಡಾಕ್ಟರು, "ಇದು ಒಂದ್ವರ್ಷಕ್ಕೆ ಮಾತ್ರ. ಮುಂದಿನ ವರ್ಷ ಮತ್ತೆ ಇದೇ ಹೊತ್ತಿಗೆ ಬಂದ್ಬಿಡಿ ಇಬ್ರೂ" ಎಂದರು. ಅಕ್ಕ ತಲೆಯಾಡಿಸಿದರು. ಆಟೋ ಹತ್ತಿ ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. "ಮುಂದಿನ ವರ್ಷ ಬನ್ನಿ ಅಂತ ನಂಗೆ ಯಾರಾದ್ರೂ ಹೇಳಿ ಎಷ್ಟು ದಿನ ಆಗಿತ್ತೋ."

ಶ್ರಾವಣದ ಜಡಿಮಳೆಯಲ್ಲಿ ನನಗೆ ನೆಗಡಿ ಜ್ವರ ಬಂತು. ಫ್ಲೂನೋ ಬೇರೆ ಏನೋ ಪರೀಕ್ಷೆ ಮಾಡಿಸಲಿಲ್ಲ. ನಾನು ನನ್ನ ಕೋಣೆಯ ಬಾಗಿಲು ಮುಚ್ಚಿಕೊಂಡಿದ್ದೆ. ಅಕ್ಕ ಮಾಸ್ಕ್ ಹಾಕಿಕೊಂಡು ಬಾಗಿಲ ಹೊರಗೆ ಗಂಜಿ ಇಟ್ಟು, ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಮಾತಾಡಿಸುತ್ತಿದ್ದರು. ಮೇಲಿನ ಮನೆಯ ಹುಡುಗಿ ಆಫೀಸಿನಿಂದ ಬರುವಾಗ ತರಕಾರಿ ತಂದುಕೊಟ್ಟಳು. ಕೆಲವು ದಿನಕ್ಕೆ ಇಳಿಯಿತು. ಅಕ್ಕನಿಗೆ ಏನೂ ಆಗಲಿಲ್ಲ. ಇದು ಇಂಜೆಕ್ಷನ್ನಿನಿಂದಲೋ, ಹಾಕಿಸಿಕೊಳ್ಳದಿದ್ದರೂ ಹೀಗೇ ಆಗುತ್ತಿತ್ತೋ, ನನಗೆ ಗೊತ್ತಿಲ್ಲ. ಆ ಮಳೆಗಾಲದಲ್ಲಿ ನಾವು ಯಾರೂ ಆಸ್ಪತ್ರೆಯ ಮಂಚದ ಪಕ್ಕ ಕೂರಬೇಕಾಗಿ ಬರಲಿಲ್ಲ, ಅಷ್ಟು ಮಾತ್ರ ಗೊತ್ತು.

ಇನ್ನೊಂದು ಬದಲಾವಣೆಯೂ ಆಯಿತು. ಆ ಕಲ್ಲು ಬೆಂಚಿನ ಮೇಲೆ ಮಾತಾಡಿದ ಮೇಲೆ ನನ್ನ ಯಜಮಾನರ ವಿಷಯ ನಮ್ಮಿಬ್ಬರ ನಡುವೆ ಬರತೊಡಗಿತು. ಅಲ್ಲಿಯವರೆಗೆ ನನಗೆ ನೋವಾದೀತೆಂದು ಅಕ್ಕ, ಅಕ್ಕನಿಗೆ ನೋವಾದೀತೆಂದು ನಾನು, ಅವರ ಹೆಸರೆತ್ತುತ್ತಲೇ ಇರಲಿಲ್ಲ. ಜ್ವರ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಬಿಸಿಲು ಬಂದಿತ್ತು. ಇಬ್ಬರೂ ವರಾಂಡದಲ್ಲಿ ಕೂತಿದ್ದೆವು. ಅವರು ಚಿಕ್ಕವರಿದ್ದಾಗ ಹೇಗಿದ್ದರು ಎಂದು ಕೇಳಿದೆ.

"ಸೈಕಲ್ ಬರ್ತಿರ್ಲಿಲ್ಲ ಕಣೇ ಅವನಿಗೆ. ಸ್ನೇಹಿತರೆಲ್ಲ ಆಡ್ಕೊಂಡು ನಗ್ತಿದ್ರು. ಯಾರಿಗೂ ಹೇಳ್ಬೇಡಿ ಅತ್ತಿಗೆ, ನೀವು ಹಿಂದೆ ಹಿಡ್ಕೊಳ್ಳಿ ಅಂತ ನನ್ನ ಕಾಲಿಗೆ ಬಿದ್ದ. ನಾನು ಆಗ ತಾನೇ ಮದುವೆಯಾಗಿ ಬಂದೋಳು. ಮಾವನೋರು ಮಲಗೋ ಹೊತ್ತು ನೋಡ್ಕೊಂಡು, ಹಿಂದಿನ ರಸ್ತೇಲಿ, ಸೀರೆ ಎತ್ತಿ ಕಟ್ಟಿ, ಕ್ಯಾರಿಯರ್ ಹಿಡ್ಕೊಂಡು ಓಡ್ತಿದ್ದೆ." ಅಕ್ಕ ನಗತೊಡಗಿದರು. ನಕ್ಕು ನಕ್ಕು ಉಸಿರು ಸಿಕ್ಕಿಕೊಂಡಿತು. ನಾನು ಒಳಗೆ ಹೋಗಿ ನೀರು ತಂದುಕೊಟ್ಟೆ. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಆಮೇಲೆ?" ಎಂದೆ.

"ಆಮೇಲೇನು, ಒಂದಿನ ನಾನು ಕೈ ಬಿಟ್ಟಿದ್ದು ಅವನಿಗೆ ಗೊತ್ತೇ ಆಗ್ಲಿಲ್ಲ. ಹೋದ, ಹೋದ, ರಸ್ತೆ ಕೊನೇ ತನಕ ಹೋದ. ಅಲ್ಲಿ ತಿರುಗಿಸೋದು ಹೇಗೆ ಅಂತ ನಾನು ಹೇಳ್ಕೊಟ್ಟೇ ಇರ್ಲಿಲ್ಲ."